ಕಾಲೇಜು ಗ್ರಂಥಾಲಯದ ದಿನನಿತ್ಯದ ಕೆಲಸಕ್ಕೆ ಎಷ್ಟು ತಂತ್ರಾಂಶ ಗೊತ್ತಿರಬೇಕು?

ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೋಲಾರದ ಪದವಿ ಕಾಲೇಜೊಂದಕ್ಕೆ ಗ್ರಂಥಪಾಲಕರಾಗಿ ಸೇರಲಿದ್ದೇನೆ ಎಂದು ಬರೆದಿದ್ದೀರಿ. ದಿನನಿತ್ಯದ ಕೆಲಸಕ್ಕೆ ಯಾವ ಯಾವ ತಂತ್ರಾಂಶ ಗೊತ್ತಿರಬೇಕು, ಪ್ರೋಗ್ರಾಮಿಂಗ್ ಕಲಿಯದಿದ್ದರೆ ತೊಂದರೆಯಾದೀತೇ ಎಂದೂ ಕೇಳಿದ್ದೀರಿ. ನಾನು ಇದೇ ಊರಿನ ಒಂದು ಪದವಿ ಕಾಲೇಜಿನಲ್ಲಿ 17 ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ಈ ಅವಧಿಯಲ್ಲಿ ಎರಡು ಸಲ ತಂತ್ರಾಂಶ ಬದಲಾಗಿದೆ, ಮೂರು ಸಲ ಕಂಪ್ಯೂಟರ್ ಬದಲಾಗಿದೆ. ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಅವೇ ಇವೆ. ತಂತ್ರಾಂಶವನ್ನು ಹದಿನೈದು ದಿನಗಳಲ್ಲಿ ಕಲಿಯಬಹುದು, ಆದರೆ ಅದರೊಳಗೆ ಕನ್ನಡ ಪುಸ್ತಕವನ್ನು ಹುಡುಕಿದರೆ ಸಿಗುವಂತೆ ಸೇರಿಸುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ತಂತ್ರಾಂಶದ ಹೆಸರುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಮೂರು. ಒಂದು, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ರೂಪಿಸಿದ ಸೋಲ್, ಇನ್ನೊಂದು, ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಗ್ರಂಥಾಲಯ, ಮೂರನೆಯದು ಕೋಹಾ. ಕೋಹಾ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಉಡುಗೊರೆ ಎಂಬ ಅರ್ಥವಿದೆ. ಮೂರರಲ್ಲಿಯೂ ಪುಸ್ತಕ ಸೇರಿಸುವುದು, ಎರವಲು ಕೊಡುವುದು, ಹಿಂದಕ್ಕೆ ಪಡೆಯುವುದು, ತಡವಾದರೆ ದಂಡ ಹಾಕುವುದು ಒಂದೇ ತತ್ತ್ವದ ಮೇಲೆ ನಡೆಯುತ್ತವೆ. ಒಂದನ್ನು ಬಲ್ಲವರಿಗೆ ಇನ್ನೊಂದರಲ್ಲಿ ಗುಂಡಿ ಎಲ್ಲಿದೆ ಎಂದು ಹುಡುಕುವುದಷ್ಟೇ ಉಳಿಯುತ್ತದೆ.

ನಿಜವಾದ ತೊಂದರೆ ಶುರುವಾಗುವುದು ಕನ್ನಡದ ಅಕ್ಷರಗಳಲ್ಲಿ. ನಮ್ಮ ಮೊದಲ ತಂತ್ರಾಂಶವನ್ನು ಒಂದು ಸಣ್ಣ ಸಂಸ್ಥೆ ಮಾರಿತ್ತು. ಅದರಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವಾದ ಯೂನಿಕೋಡ್‌ಗಿಂತ ಹಿಂದಿನ ಕಾಲದ, ನುಡಿ ಎಂಬ ಬೆರಳಚ್ಚು ತಂತ್ರಾಂಶದ ಅಕ್ಷರಗಳಲ್ಲಿ ಬೆರಳಚ್ಚು ಮಾಡಲಾಗಿತ್ತು. ಆ ಅಕ್ಷರವಿನ್ಯಾಸ ಕಂಪ್ಯೂಟರಿನಲ್ಲಿದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು ಇವೆಲ್ಲ ಕಲಸಿದ ಗೋಜಲಾಗಿ ಪರದೆಯ ಮೇಲೆ ಬರುತ್ತಿತ್ತು. ಕಂಪ್ಯೂಟರಿನ ಪಾಲಿಗೆ ಅದು ಎಂದೂ ಕನ್ನಡವಾಗಿರಲೇ ಇಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳಾಗಿತ್ತು. ಕೋಹಾಕ್ಕೆ ಬದಲಾದಾಗ ಅಷ್ಟೂ ದಾಖಲೆಗಳನ್ನು ಪರಿವರ್ತಕವೊಂದರ ಮೂಲಕ ಯೂನಿಕೋಡ್‌ಗೆ ತಂದೆವು. ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಂಡಿತು. ಕೆಲಸ ಮುಗಿಯಿತೆಂದು ನಾನು ಪ್ರಾಂಶುಪಾಲರಿಗೆ ವರದಿಯನ್ನೂ ಕೊಟ್ಟೆ.

ಎರಡು ತಿಂಗಳ ನಂತರ ಇತಿಹಾಸ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಓದುಗರು ಪುಸ್ತಕ ಹುಡುಕುವ ಕಂಪ್ಯೂಟರ್ ಸೂಚಿಯಾದ ಓಪ್ಯಾಕ್‌ನಲ್ಲಿ ‘ಕೋಲಾರ’ ಎಂದು ಹುಡುಕಿ, ನಮ್ಮಲ್ಲಿ ಈ ಜಿಲ್ಲೆಯ ಬಗ್ಗೆ ನಾಲ್ಕೇ ಪುಸ್ತಕ ಇರುವುದೇ ಎಂದು ಕೇಳಿದಳು. ಪಕ್ಕದಲ್ಲಿದ್ದ ನಮ್ಮ ಅಟೆಂಡರ್, “ಕಿಟಕಿ ಪಕ್ಕದ ಬೀರು ತುಂಬ ಅವೇ ಇದಾವಲ್ಲ ಮೇಡಂ” ಎಂದರು. ಹೋಗಿ ನೋಡಿದರೆ ಒಂದು ಅಡ್ಡಹಲಗೆ ತುಂಬ ಇದ್ದವು, ಪ್ರತಿಯೊಂದರ ದಾಖಲೆಯೂ ಕಂಪ್ಯೂಟರಿನಲ್ಲಿ ಇತ್ತು, ಶೀರ್ಷಿಕೆಯಲ್ಲಿ ‘ಕೋಲಾರ’ ಎಂದು ಕಣ್ಣಿಗೆ ಕಾಣುತ್ತಲೂ ಇತ್ತು. ಆದರೂ ಹುಡುಕಿದರೆ ಸಿಗುತ್ತಿರಲಿಲ್ಲ. ಕಾರಣ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಯೂನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಎರಡು ರೀತಿ ಬರೆಯಲು ಸಾಧ್ಯ: ಕಕಾರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲವೇ ಮೊದಲು ‘ಕೊ’ ಬರೆದು ಅದರ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಇಡಬಹುದು. ಎರಡೂ ಒಂದೇ ಎಂದು ಯೂನಿಕೋಡ್ ನಿಯಮ ಹೇಳುತ್ತದೆ, ಕಣ್ಣಿಗೂ ಎರಡೂ ಒಂದೇ. ಆದರೆ ಹುಡುಕುವ ತಂತ್ರಾಂಶ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಅದಕ್ಕೆ ಅವು ಬೇರೆ ಬೇರೆ ಪದಗಳಾಗುತ್ತವೆ. ನಮ್ಮ ಪರಿವರ್ತಕ ಎರಡನೆಯ ರೀತಿಯಲ್ಲಿ ಬರೆದಿತ್ತು, ಹುಡುಗಿ ಮೊದಲನೆಯ ರೀತಿಯಲ್ಲಿ ಒತ್ತಿದ್ದಳು. ನಾಲ್ಕು ಪುಸ್ತಕ ಸಿಕ್ಕಿದ್ದೂ ಅವನ್ನು ನಾನು ನಂತರ ಕೈಯಾರೆ ಸೇರಿಸಿದ್ದೆನಾದ್ದರಿಂದ. ಊರಿನ ಹೆಸರೇ ಊರಿನ ಗ್ರಂಥಾಲಯದಲ್ಲಿ ಸಿಗದೆ ಹೋದದ್ದಕ್ಕೆ ಇಷ್ಟೇ ಕಾರಣ.

ದಾಖಲೆಗಳನ್ನೆಲ್ಲ ಹೊರಕ್ಕೆ ತೆಗೆದು, ಒಡೆದ ರೂಪಗಳನ್ನು ಕೂಡಿದ ರೂಪಕ್ಕೆ ಬದಲಾಯಿಸಿ, ಮತ್ತೆ ಒಳಕ್ಕೆ ತಂದೆವು. ಕೋಹಾದ ಹುಡುಕು ವ್ಯವಸ್ಥೆಯಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಐಸಿಯು ಎಂಬ ಸೂಚೀಕರಣ ಆಯ್ಕೆಯಿದೆ, ಅದನ್ನು ಅಳವಡಿಸಿಕೊಂಡೆವು. ಅರ್ಕಾವತ್ತಿನ ತಪ್ಪುಗಳನ್ನು ಮಾತ್ರ ಇಂದಿಗೂ ಒಂದೊಂದಾಗಿ ತಿದ್ದುತ್ತಿದ್ದೇನೆ, ಏಕೆಂದರೆ ಹಳೆಯ ಅಕ್ಷರವಿನ್ಯಾಸದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ, ಒತ್ತಕ್ಷರ ಜೊತೆಯಲ್ಲಿದ್ದಾಗ ಪರಿವರ್ತಕ ಅಲ್ಲಲ್ಲಿ ಎಡವುತ್ತದೆ. ನೀವು ಸೇರಿದ ಮೊದಲ ವಾರದಲ್ಲಿಯೇ ‘ಕೋಲಾರ’, ‘ಸೂರ್ಯ’, ‘ಲೋಕ’ ಎಂಬ ಮೂರು ಪದಗಳನ್ನು ಓಪ್ಯಾಕ್‌ನಲ್ಲಿ ಹುಡುಕಿ, ಕಪಾಟಿನಲ್ಲಿರುವ ಪುಸ್ತಕಗಳೊಂದಿಗೆ ಹೋಲಿಸಿ ನೋಡಿ. ನಿಮ್ಮ ಗ್ರಂಥಾಲಯದ ಕನ್ನಡದ ಆರೋಗ್ಯ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇದಾದ ಮೇಲೆ ಬರುವುದು ಲೇಖಕರ ಹೆಸರು. ನಮ್ಮ ಜಿಲ್ಲೆಯವರನ್ನೇ ತೆಗೆದುಕೊಳ್ಳಿ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಕೆಲವು ಪುಸ್ತಕಗಳ ಮೇಲೆ ‘ಮಾಸ್ತಿ ವೆಂಕಟೇಶ ಅಯ್ಯಂಗಾರ್’, ಕೆಲವದರ ಮೇಲೆ ‘ಶ್ರೀನಿವಾಸ’. ಬೆರಳಚ್ಚು ಮಾಡಿದವರ ಕೈಯಲ್ಲಿ ಅಯ್ಯಂಗಾರ್ ಒಮ್ಮೆ ಐಯಂಗಾರ್ ಆಗಿದ್ದಾರೆ, ಒಮ್ಮೆ ಅಯ್ಯಂಗಾರ್ಯರೂ ಆಗಿದ್ದಾರೆ. ಮುಳಬಾಗಿಲಿನ ಡಿ.ವಿ.ಜಿ.ಯವರ ಹೆಸರಿನಲ್ಲಿ ಚುಕ್ಕಿ ಇದ್ದದ್ದು, ಚುಕ್ಕಿಯ ನಂತರ ಜಾಗ ಬಿಟ್ಟದ್ದು, ಗುಂಡಪ್ಪ ಎಂದು ಪೂರ್ತಿ ಬರೆದದ್ದು ಎಲ್ಲವೂ ನಮ್ಮಲ್ಲಿ ಬೇರೆ ಬೇರೆ ಲೇಖಕರಂತೆ ಕೂತಿದ್ದವು. ಇದಕ್ಕೆ ಕೋಹಾದಲ್ಲಿ ಪ್ರಮಾಣೀಕೃತ ಹೆಸರಿನ ಕಡತವಿದೆ: ಒಂದು ರೂಪವನ್ನು ಮುಖ್ಯವೆಂದು ಇಟ್ಟು ಉಳಿದೆಲ್ಲವನ್ನು ಅದಕ್ಕೆ ‘ನೋಡಿ’ ಎಂದು ಕಟ್ಟಬಹುದು. ತರಗತಿಯಲ್ಲಿ ಇದನ್ನು ಓದಿ ಪರೀಕ್ಷೆ ಬರೆದಿರುತ್ತೀರಿ. ಕೆಲಸದಲ್ಲಿ ಹೆಚ್ಚಿನವರು ಮುಟ್ಟುವುದಿಲ್ಲ. ಹೊಸ ತಂತ್ರಜ್ಞಾನದ ತರಬೇತಿಗಳಲ್ಲಿ ಇದರ ಬಗ್ಗೆ ಒಂದು ಗಂಟೆಯೂ ಇರುವುದಿಲ್ಲ ಎಂಬುದು ನನ್ನ ದೂರು.

ಇನ್ನೊಂದು ಸಂಗತಿ ಕೋಲಾರಕ್ಕೇ ವಿಶೇಷವಾದದ್ದು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ, ಕೆ.ಜಿ.ಎಫ್. ಕಡೆಯಿಂದ ಬರುವವರಲ್ಲಿ ತಮಿಳು ಆಡುವವರಿದ್ದಾರೆ. ಕನ್ನಡ ಓದುತ್ತಾರೆ, ಆದರೆ ಮೊಬೈಲಿನಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತುತ್ತಾರೆ. ಅವರನ್ನು ತಿದ್ದುವ ಬದಲು ನಾನು ಪ್ರತಿ ಕನ್ನಡ ಪುಸ್ತಕದ ದಾಖಲೆಯಲ್ಲಿ ಪುಸ್ತಕದ ವಿವರ ದಾಖಲಿಸುವ ನಮೂನೆಯಾದ ಮಾರ್ಕ್ 21ರ 246ನೆಯ ಕ್ಷೇತ್ರವನ್ನು, ಅಂದರೆ ಪರ್ಯಾಯ ಶೀರ್ಷಿಕೆಯ ಜಾಗವನ್ನು, ಬಳಸಿಕೊಂಡು ಮಕ್ಕಳು ಬರೆಯುವ ರೀತಿಯ ಇಂಗ್ಲಿಷ್ ಅಕ್ಷರಗಳಲ್ಲಿ ಶೀರ್ಷಿಕೆಯನ್ನು ಮತ್ತೊಮ್ಮೆ ಸೇರಿಸುತ್ತೇನೆ. ಪಂಡಿತರ ಲಿಪ್ಯಂತರದಲ್ಲಿ ಅಕ್ಷರದ ಕೆಳಗೊಂದು ಚುಕ್ಕಿ, ಮೇಲೊಂದು ಗೆರೆ ಇರುತ್ತದೆ; ಬಂಗಾರಪೇಟೆಯಿಂದ ಬಸ್ಸಿಳಿದು ಬಂದ ಹುಡುಗ ಅದನ್ನು ಒತ್ತುವುದಿಲ್ಲ. ಹೊರದೇಶದ ದೊಡ್ಡ ಗ್ರಂಥಾಲಯಗಳಿಂದ ಝಡ್ 39.50 ಎಂಬ ದಾಖಲೆ ವಿನಿಮಯ ವ್ಯವಸ್ಥೆಯ ಮೂಲಕ ದಾಖಲೆ ಇಳಿಸಿಕೊಂಡರೆ ಬರುವುದು ಅಂಥ ಲಿಪ್ಯಂತರವೇ. ಇಂಗ್ಲಿಷ್ ಪುಸ್ತಕಗಳಿಗೆ ಆ ಸೌಲಭ್ಯ ವರದಾನ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಒತ್ತಿದರೆ ಅರೆಕ್ಷಣದಲ್ಲಿ ದಾಖಲೆ ಸಿದ್ಧ. ಕನ್ನಡಕ್ಕೆ ಕೈಯೇ ಗತಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ ಇರುವುದೇ ಇಲ್ಲ.

ಬಾರ್‌ಕೋಡ್ ಬಗ್ಗೆ ಒಂದೇ ಮಾತು. ಸ್ಕ್ಯಾನರ್ ಎಂಬುದು ಕಂಪ್ಯೂಟರಿನ ಲೆಕ್ಕದಲ್ಲಿ ಬಹಳ ವೇಗವಾಗಿ ಒತ್ತುವ ಒಂದು ಕೀಲಿಮಣೆ ಅಷ್ಟೇ. ನಮ್ಮ ಪರಿಗ್ರಹಣ ಸಂಖ್ಯೆಗಳು, ಅಂದರೆ ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಕೊಡುವ ಕ್ರಮಸಂಖ್ಯೆಗಳು, ಇಂಗ್ಲಿಷಿನ ದೊಡ್ಡ ಕೆ ಅಕ್ಷರದಿಂದ ಶುರುವಾಗುತ್ತವೆ. ಒಂದು ಬೆಳಿಗ್ಗೆ ಯಾವ ಪುಸ್ತಕ ಸ್ಕ್ಯಾನ್ ಮಾಡಿದರೂ ‘ದಾಖಲೆ ಇಲ್ಲ’ ಎಂದು ಬರತೊಡಗಿತು, ಕೌಂಟರಿನ ಮುಂದೆ ಸಾಲು ಬೆಳೆಯಿತು, ಸ್ಕ್ಯಾನರ್ ಕೆಟ್ಟಿದೆಯೆಂದು ಹೊಸದಕ್ಕೆ ಬೆಲೆಪಟ್ಟಿ ಕೇಳುವವರೆಗೂ ಹೋದೆ. ಹಿಂದಿನ ಸಂಜೆ ನಾನೇ ಕನ್ನಡ ಬೆರಳಚ್ಚು ಮಾಡಿ ಕೀಲಿಮಣೆಯನ್ನು ಇಂಗ್ಲಿಷಿಗೆ ಮರಳಿಸದೆ ಹೋಗಿದ್ದೆ. ಸ್ಕ್ಯಾನರ್ ಪಾಪ ಕೆ ಒತ್ತುತ್ತಿತ್ತು, ಪರದೆಯಲ್ಲಿ ‘ಖ’ ಬೀಳುತ್ತಿತ್ತು. ನಿಮ್ಮ ಕಾಲೇಜಿನಲ್ಲಿ ಬರೀ ಅಂಕಿಗಳ ಸಂಖ್ಯೆ ಇದ್ದರೆ ಒಳ್ಳೆಯದು.

ಈಗ ಕೃತಕ ಬುದ್ಧಿಮತ್ತೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ನಂತರ ನಮ್ಮ ಕೌಂಟರಿಗೆ ಒಂದು ಹೊಸ ಬಗೆಯ ಓದುಗ ಬರುತ್ತಿದ್ದಾನೆ. ಅವನ ಕೈಯಲ್ಲಿ ಅದು ಕಟ್ಟಿಕೊಟ್ಟ, ಎಲ್ಲಿಯೂ ಇಲ್ಲದ ಪುಸ್ತಕಗಳ ಪಟ್ಟಿ ಇರುತ್ತದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದ ಹುಡುಗನೊಬ್ಬ ಆರು ಪುಸ್ತಕಗಳ ಪಟ್ಟಿ ತಂದ. ಲೇಖಕರ ಹೆಸರು, ಪ್ರಕಾಶಕರು, ವರ್ಷ, ಐಎಸ್‌ಬಿಎನ್ ಎಲ್ಲವೂ ಇದ್ದವು. ನಮ್ಮಲ್ಲಿ ಒಂದೂ ಸಿಗಲಿಲ್ಲ. ಅವನು ಗ್ರಂಥಾಲಯವನ್ನು ಕೀಳಾಗಿ ನೋಡಿದ. ನಾವಿಬ್ಬರೂ ಕೂತು ಐಎಸ್‌ಬಿಎನ್‌ಗಳನ್ನು ಲೆಕ್ಕ ಹಾಕಿದೆವು. 13 ಅಂಕಿಗಳನ್ನು ಕ್ರಮವಾಗಿ ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ ಹೀಗೆ ಗುಣಿಸಿ ಕೂಡಿದರೆ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. ಆರರಲ್ಲಿ ಐದು ಆ ಲೆಕ್ಕಕ್ಕೇ ನಿಲ್ಲಲಿಲ್ಲ. ಆರನೆಯದು ನಿಂತಿತು, ಆದರೆ ಹುಡುಕಿದಾಗ ಅದು ಬೇರೆ ಯಾವುದೋ ವಿಷಯದ ಪುಸ್ತಕದ್ದಾಗಿತ್ತು. ಹುಡುಗ ಮೊದಲು ನಕ್ಕ, ನಂತರ ಪ್ರಬಂಧದ ಎರಡನೆಯ ಅಧ್ಯಾಯ ಪೂರ್ತಿ ಆ ಪುಸ್ತಕಗಳ ಮೇಲೆಯೇ ನಿಂತಿದೆ ಎಂದು ಹೇಳಿ ಸುಮ್ಮನಾದ. ಅವನಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಹಳೆಯ ಜಿಲ್ಲಾ ಗ್ಯಾಸೆಟಿಯರ್ ಮತ್ತು ನಾವು ಕತ್ತರಿಸಿ ಅಂಟಿಸಿ ಇಟ್ಟಿದ್ದ ಪತ್ರಿಕಾ ತುಣುಕುಗಳ ಕಡತ. ಆ ಕಡತವನ್ನು ಜಾಗದ ಅಭಾವದಿಂದ ರದ್ದಿಗೆ ಹಾಕಬೇಕೆಂದು ನಾನು ಹಿಂದಿನ ವರ್ಷ ಯೋಚಿಸಿದ್ದೆ ಎಂಬುದನ್ನು ಅವನಿಗೆ ಹೇಳಲಿಲ್ಲ.

ಹಾಗೆಂದು ನಾನು ಅದರ ವಿರೋಧಿಯಲ್ಲ. ಎಕ್ಸೆಲ್ ಸೂತ್ರ ಮರೆತಾಗ ಅದನ್ನೇ ಕೇಳುತ್ತೇನೆ, ಪತ್ರಗಳ ಕರಡಿಗೂ ಬಳಸುತ್ತೇನೆ. ವರ್ಗೀಕರಣ ಸಂಖ್ಯೆಯನ್ನು ಮಾತ್ರ ಕೇಳುವುದಿಲ್ಲ. ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ತೆಲುಗು ಸಾಹಿತ್ಯ 894.827; ಹತ್ತನೆಯ ತರಗತಿ ಓದಿದ ನಮ್ಮ ಅಟೆಂಡರ್ ಈ ಎರಡನ್ನೂ ಕಣ್ಣು ಮುಚ್ಚಿ ಹೇಳುತ್ತಾರೆ, ಅವರು ತಪ್ಪಿದ್ದನ್ನು ನಾನು ನೋಡಿಲ್ಲ.

ಇ-ಸಂಪನ್ಮೂಲಗಳ ವಿಷಯದಲ್ಲಿ ನಿಮ್ಮ ಕೆಲಸ ಬಹುಪಾಲು ಪಾಸ್‌ವರ್ಡ್ ಮರೆತವರಿಗೆ ಪಾಸ್‌ವರ್ಡ್ ಕೊಡಿಸುವುದಾಗಿರುತ್ತದೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಒದಗಿಸುವ ಎನ್-ಲಿಸ್ಟ್‌ಗೆ ವಿದ್ಯಾರ್ಥಿಗಳ ಪಟ್ಟಿ ಸೇರಿಸುವುದು, ಮುಗಿಸಿ ಹೋದವರನ್ನು ತೆಗೆಯುವುದು ಪ್ರತಿ ವರ್ಷದ ಕೆಲಸ. ನಿಮ್ಮದು ಸರ್ಕಾರಿ ಕಾಲೇಜಾದರೆ 2025ರ ಜನವರಿ 1ರಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯನ್ನೂ ವಿಚಾರಿಸಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರಲ್ಲಿವೆ. ಅಧ್ಯಾಪಕರಲ್ಲಿ ಪಿಎಚ್.ಡಿ. ಮಾಡುತ್ತಿರುವ ಇಬ್ಬರು ಮೂವರಿಗೆ ಅದು ಸಿಕ್ಕರೆ ನಿಮ್ಮನ್ನು ವರ್ಷವಿಡೀ ನೆನೆಯುತ್ತಾರೆ. ಪದವಿ ಮಕ್ಕಳು ಕೇಳುವುದು ಹಳೆಯ ಪ್ರಶ್ನೆಪತ್ರಿಕೆ ಮತ್ತು ಮೊಬೈಲ್ ಚಾರ್ಜ್ ಮಾಡಲು ಪ್ಲಗ್.

ಪ್ರೋಗ್ರಾಮಿಂಗ್ ಬೇಕೇ ಎಂದು ಕೇಳಿದಿರಿ. ಬೇಕಿಲ್ಲ, ಆದರೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಮಾಹಿತಿಯನ್ನು ಆರಿಸಿ ತೆಗೆಯುವ ಆಜ್ಞೆಯನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಿರಿ. ಮೂರು ವರ್ಷದಿಂದ ಯಾರೂ ಮುಟ್ಟದ ಪುಸ್ತಕ ಯಾವುವು, ಯಾವ ವಿಭಾಗದವರು ಹೆಚ್ಚು ಓದುತ್ತಾರೆ ಎಂಬುದನ್ನು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆಯ ಹಿಂದಿನ ರಾತ್ರಿ ಕೈಯಲ್ಲಿ ಎಣಿಸುವ ಗತಿ ಆಗ ಬರುವುದಿಲ್ಲ. ಕೋಹಾದ ವರದಿ ವಿಭಾಗ ಆರಿಸಿ ತೋರಿಸುವ ಆಜ್ಞೆಯನ್ನಷ್ಟೇ ಒಪ್ಪುತ್ತದೆ. ಅಳಿಸುವ, ಬದಲಾಯಿಸುವ ಆಜ್ಞೆ ಕೊಟ್ಟರೆ ನಿರಾಕರಿಸುತ್ತದೆ. ಆದ್ದರಿಂದ ಹೆದರದೆ ಪ್ರಯತ್ನಿಸಬಹುದು.

ಕೊನೆಯದಾಗಿ, ಹಿಂದಿನವರಿಂದ ಅಧಿಕಾರ ವಹಿಸಿಕೊಳ್ಳುವಾಗ ಪುಸ್ತಕಗಳ ಎಣಿಕೆಯ ಜೊತೆಗೆ ಸರ್ವರಿನ ಪಾಸ್‌ವರ್ಡ್ ಮತ್ತು ಬ್ಯಾಕಪ್ ಕಡತವನ್ನೂ ಲಿಖಿತವಾಗಿ ಪಡೆಯಿರಿ. ನಮ್ಮ ಮೊದಲ ತಂತ್ರಾಂಶ ಮಾರಿದವರು ಅಂಗಡಿ ಮುಚ್ಚಿದಾಗ ದತ್ತಾಂಶದ ಕೀಲಿ ಅವರಲ್ಲಿಯೇ ಉಳಿಯಿತು. ಹೊರಗೆ ತೆಗೆಯಲು ಸಾಧ್ಯವಾದದ್ದು ಮುದ್ರಿಸುವ ಪಟ್ಟಿಯೊಂದನ್ನೇ. ಮೇಲೆ ಹೇಳಿದ ಪರಿವರ್ತಕಕ್ಕೆ ಉಣಿಸಿದ್ದು ಆ ಪಟ್ಟಿಯನ್ನು. ಅದರಲ್ಲಿ ಲೇಖಕ ಮತ್ತು ಶೀರ್ಷಿಕೆ ಬಿಟ್ಟು ಬೇರೇನೂ ಇರಲಿಲ್ಲವಾದ್ದರಿಂದ ಉಳಿದ ವಿವರಗಳನ್ನು ಚರ್ಮದ ಬೆನ್ನಿನ ಹಳೆಯ ಪರಿಗ್ರಹಣ ವಹಿ ನೋಡಿಕೊಂಡು ಎರಡು ಬೇಸಿಗೆ ರಜೆಗಳಲ್ಲಿ ಮತ್ತೆ ತುಂಬಿದೆವು. ಈಗ ಪ್ರತಿ ಶನಿವಾರ ಬ್ಯಾಕಪ್ ತೆಗೆದು, ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡುತ್ತೇನೆ. ಕರೆಂಟ್ ಹೋದ ದಿನಕ್ಕಾಗಿ ಕೌಂಟರಿನ ಕೆಳಗೆ ಒಂದು ನೋಟ್‌ಬುಕ್ ಇದೆ, ಹಳೆಯ ಪರಿಗ್ರಹಣ ವಹಿಯನ್ನೂ ಬರೆಯುವುದು ನಿಲ್ಲಿಸಿಲ್ಲ.