ಬಿಡಬೇಕಾದದ್ದು ಸ್ನಾನವಲ್ಲ, ಸುಡುನೀರು

ಶೋಗ್ರೆನ್ ಸಿಂಡ್ರೋಮ್ (ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬಿದ್ದು ಕಣ್ಣು, ಬಾಯಿ, ಚರ್ಮ ಒಣಗುವ ಕಾಯಿಲೆ) ಇದೆ, ಮಿಂದು ಅರ್ಧ ಗಂಟೆಯೊಳಗೆ ಕಾಲು, ಬೆನ್ನು ತುರಿಸುತ್ತವೆ, ಉಡುಪಿಯ ಸೆಖೆಯಲ್ಲಿ ಸ್ನಾನ ಕಡಿಮೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನನಗೂ ಅದೇ ಕಾಯಿಲೆ, 9 ವರ್ಷವಾಯಿತು. ಗಾಳಿಯೇ ಒದ್ದೆಯಾಗಿರುವ ಊರಿನಲ್ಲಿ ಚರ್ಮ ಒಣಗುತ್ತದೆ ಎಂದರೆ ಮನೆಯವರೂ ನಂಬುವುದಿಲ್ಲ!

ಸ್ನಾನ ಕಡಿಮೆ ಮಾಡಬೇಡಿ, ಬೆವರು ಮೈಮೇಲೆ ಉಳಿದರೂ ತುರಿಕೆಯೇ. ಹಂಡೆಯ ಸುಡುನೀರು ಚರ್ಮದ ಸ್ವಂತ ಜಿಡ್ಡನ್ನು ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ ಸಾಕು. ಸಂಜೆಯ ಸ್ನಾನಕ್ಕೆ ಸೋಪು ಬೇಡ. ಬೆಳಗ್ಗೆಯೂ ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ, ಅದೂ ಪರಿಮಳವಿಲ್ಲದ್ದು. ಎಣ್ಣೆಸ್ನಾನದಲ್ಲಿ ಕಡಲೆಹಿಟ್ಟು ತಿಕ್ಕುವುದನ್ನು ನಿಲ್ಲಿಸಿದ ಮೇಲೆಯೇ ನನ್ನ ಕಾಲಿನ ಬಿರುಕುಗಳು ಮಾಯ್ದದ್ದು. ನನ್ನ ಅತ್ತೆ ಇದನ್ನು ಇನ್ನೂ ಒಪ್ಪಿಲ್ಲ.

ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ತೇವವಿರುವಾಗಲೇ, ಸುಮಾರು 3 ನಿಮಿಷದೊಳಗೆ, ದಪ್ಪ ಮಾಯಿಶ್ಚರೈಸರ್ ಹಚ್ಚಿ. ತೆಂಗಿನೆಣ್ಣೆಯೂ ಆದೀತು, ಆದರೆ ಅದು ಇರುವ ತೇವವನ್ನು ಹಿಡಿದಿಡುತ್ತದೆ ಅಷ್ಟೇ. ಪೂರ್ತಿ ಒಣಗಿದ ಮೈಗೆ ಬಳಿದರೆ ಲಾಭ ಕಡಿಮೆ. ಯೂರಿಯಾ ಇರುವ ಕ್ರೀಮು ಬಿರುಕಿಗೆ ತಗುಲಿದರೆ ಉರಿಯುತ್ತದೆ, ಎಚ್ಚರ.

ಇಷ್ಟಾದರೂ ತುರಿಕೆ ನಿಲ್ಲದಿದ್ದರೆ ಥೈರಾಯ್ಡ್ ಮತ್ತು ಯಕೃತ್ತಿನ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಈ ಕಾಯಿಲೆಯ ಜೊತೆಗೆ ಅವುಗಳ ತೊಂದರೆಯೂ ಬರುವುದುಂಟು. ಕಾಲಿನಲ್ಲಿ ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕಿಗಳು ಕಂಡರೆ ಕ್ರೀಮು ಹಚ್ಚುತ್ತಾ ಕೂರಬೇಡಿ. ಅದು ರಕ್ತನಾಳಗಳ ಉರಿಯೂತ ಇರಬಹುದು, ಬೇಗ ತೋರಿಸಿ.