ಡಿಎನ್‌ಎ ಬಾರ್‌ಕೋಡ್ ನೋಡಿ ಜೇನುನೊಣದ ಜಾತಿಯನ್ನು ಹೇಗೆ ಗುರುತಿಸುತ್ತಾರೆ?

ನೊಣದ ಒಂದು ಕಾಲು ಸಾಕು. ಅದರಿಂದ ಡಿಎನ್‌ಎ ತೆಗೆದು, ಸಿಒಐ ಎಂಬ ಒಂದೇ ಜೀನಿನಲ್ಲಿ ಸುಮಾರು 650 ಡಿಎನ್‌ಎ ಅಕ್ಷರಗಳ ತುಣುಕನ್ನು ಓದುತ್ತಾರೆ. ಈ ತುಣುಕೇ ಬಾರ್‌ಕೋಡ್. ಅದನ್ನು ಈಗಾಗಲೇ ಗೊತ್ತಿರುವ ಜಾತಿಗಳ ತುಣುಕುಗಳ ಜೊತೆ ಹೋಲಿಸುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಹೊಸ ಜಾತಿ ಇರಬಹುದು ಎಂಬ ಸುಳಿವು ಸಿಕ್ಕಿತು ಅಂತ ಅರ್ಥ.

ಆ ಜೀನೇ ಯಾಕೆ? ಅದು ಬದಲಾಗುವ ವೇಗ ಈ ಕೆಲಸಕ್ಕೆ ಸರಿಹೊಂದುತ್ತದೆ. ಒಂದೇ ಜಾತಿಯ ನೊಣಗಳಲ್ಲಿ ಅದು ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಜಾತಿ ಬೇರೆಯಾದರೆ ಸಾಮಾನ್ಯವಾಗಿ ವ್ಯತ್ಯಾಸ ಎದ್ದು ಕಾಣುತ್ತದೆ.

ಇದರ ನಿಜವಾದ ಉಪಯೋಗ ಗಂಡು-ಹೆಣ್ಣನ್ನು ಜೋಡಿಸುವಾಗ ಗೊತ್ತಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮೆಗಾಕೈಲಿ ಲೂಸಿಫರ್ ಎಂಬ ಜೇನುನೊಣವನ್ನೇ ನೋಡಿ. 2025ರಲ್ಲಿ ಹೊಸ ಜಾತಿ ಅಂತ ಪ್ರಕಟವಾಯಿತು. ಹೆಣ್ಣಿನ ಮುಖದ ಮೇಲೆ ಎರಡು ಪುಟ್ಟ ಕೊಂಬುಗಳಿವೆ, ಗಂಡಿಗೆ ಇಲ್ಲ. ಸುಮ್ನೆ ನೋಡಿದರೆ ಎರಡೂ ಒಂದೇ ಜಾತಿ ಅಂತ ಹೇಳುವುದು ಕಷ್ಟ ಅಲ್ವಾ? ಬಾರ್‌ಕೋಡ್ ಅದನ್ನು ಖಚಿತಪಡಿಸಿತು. ಗೊತ್ತಿರುವ ಬೇರೆ ಯಾವ ಜಾತಿಗೂ ಅದು ಹೊಂದಲಿಲ್ಲ.

ಆದರೆ ಬಾರ್‌ಕೋಡ್ ಒಂದನ್ನೇ ನಂಬಿ ಹೆಸರಿಡುವುದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಜೀನು ತಾಯಿಯಿಂದ ಮಾತ್ರ ಬರುತ್ತದೆ. ಹಾಗಾಗಿ ಎರಡು ಜಾತಿ ಹಿಂದೆ ಬೆರೆತಿದ್ದರೆ ಫಲಿತಾಂಶ ದಾರಿ ತಪ್ಪಿಸಬಹುದು. ಆದ್ದರಿಂದ ತಜ್ಞರು ಸೂಕ್ಷ್ಮದರ್ಶಕದಲ್ಲಿ ರೆಕ್ಕೆಯ ನರ, ಮೈಮೇಲಿನ ಕೂದಲು, ದವಡೆಯ ಹಲ್ಲು ಎಲ್ಲವನ್ನೂ ನೋಡಿ ವಿವರ ಬರೆಯುತ್ತಾರೆ. ಹೆಸರಿಗೆ ಆಧಾರವಾಗಿ ಒಂದು ನೊಣವನ್ನು ಸಂಗ್ರಹಾಲಯದಲ್ಲಿ ಇಡುತ್ತಾರೆ.