ಮಕ್ಕಳ ಸರ್ಜರಿ ಸೀಟು ಬಿಟ್ಟು ಇಂಗ್ಲೆಂಡಿಗೆ ಬರಬೇಕಾ?

ನಿಮ್ಮ ಎಂಎಸ್ (ಸರ್ಜರಿಯ ಪಿಜಿ) ಮುಗಿದಿದೆ, ಸೂಪರ್‌ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್‌ನಲ್ಲಿ ಪೀಡಿಯಾಟ್ರಿಕ್ ಸರ್ಜರಿ ಸಿಗುತ್ತದೆ, ಆದರೆ ‘ಇನ್ನೊಂದು ವರ್ಷ ಓದಿ ಗ್ಯಾಸ್ಟ್ರೋ (ಜೀರ್ಣಾಂಗದ ಸರ್ಜರಿ) ತಗೋ, ಅದೊಂದು ಬೇಡ’ ಎಂದು ಗೆಳೆಯರು ಹೇಳುತ್ತಿದ್ದಾರೆ. ಅದನ್ನು ಬಿಟ್ಟು ಇಂಗ್ಲೆಂಡಿಗೇ ಬಂದು ಮಕ್ಕಳ ಸರ್ಜರಿ ಕಲಿತರೆ ಹೇಗೆ, ಇಲ್ಲಿ ಬದುಕು ಹೇಗೆ ಎಂದು ಕೇಳಿದ್ದೀರಿ.

ಗೆಳೆಯರ ಮಾತು ಸುಳ್ಳಲ್ಲ. ಕಟ್‌ಆಫ್ ಇಳಿಸಿದರೂ ಈ ಸೀಟುಗಳು ಖಾಲಿ ಉಳಿಯುತ್ತಿವೆ. ಎಂಬಿಬಿಎಸ್‌ನಿಂದ ಲೆಕ್ಕ ಹಾಕಿದರೆ ಹನ್ನೊಂದೂವರೆ ವರ್ಷದ ಓದು. ಅಷ್ಟು ಓದಿ ಊರಲ್ಲಿ ಬೋರ್ಡು ಹಾಕಿದರೆ ಹರ್ನಿಯಾ ಜನರಲ್ ಸರ್ಜನ್ ಪಾಲು, ಮೂತ್ರದ ತೊಂದರೆ ಯೂರಾಲಜಿಸ್ಟ್ ಪಾಲು. ನಿಮಗೆ ಉಳಿಯುವುದು ಅನ್ನನಾಳ ಕೂಡದೆ ಹುಟ್ಟಿದ ಕೂಸು, ಗುದದ್ವಾರವಿಲ್ಲದ ಕೂಸು. ಇಂಥವು ಮೂರರಿಂದ ಐದು ಸಾವಿರ ಹೆರಿಗೆಗೆ ಒಂದು. ಅದಕ್ಕೆ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಬೇಕು, ಕೂಸಿಗೆ ಅನಸ್ತೇಶಿಯಾ ಕೊಡಬಲ್ಲವರು ಬೇಕು. ಬಹಳ ಸಲ ಅಪ್ಪ ಅಮ್ಮನ ಹತ್ತಿರ ದುಡ್ಡು ಮಾತ್ರ ಇರುವುದಿಲ್ಲ.

ಇಲ್ಲಿ ಆ ಸಂಕಟ ಇಲ್ಲ. ಸಂಬಳವೂ ಯಾವ ಸ್ಪೆಷಾಲಿಟಿ ಎಂದು ನೋಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಸರ್ಕಾರಿ ಆಸ್ಪತ್ರೆಯ ಹೊಸ ಕನ್ಸಲ್ಟಂಟ್‌ಗೆ (ಹಿರಿಯ ತಜ್ಞ ವೈದ್ಯರಿಗೆ) ವರ್ಷಕ್ಕೆ 1,09,725 ಪೌಂಡ್ ಮೂಲ ಸಂಬಳ ಇತ್ತು. ಹೃದಯ ಕೊಯ್ಯುವವರಿಗೂ ಅಷ್ಟೇ, ನಮಗೂ ಅಷ್ಟೇ. ನಾನು ಇಲ್ಲೇ ಉಳಿಯಲು ಅದೇ ಕಾರಣ. ಸುಮ್ನೆ ಬೇರೆ ಕಥೆ ಯಾಕೆ ಹೇಳಲಿ?

ಆದರೆ ಚಿಕ್ಕ ಮಕ್ಕಳೆಂದರೆ ಕೈ ಹಿಂದೆಗೆಯುವುದು ಇಲ್ಲೂ ಇದೆ. ಹಿಂದೆ ಸಣ್ಣ ಊರಿನ ಆಸ್ಪತ್ರೆಯ ಜನರಲ್ ಸರ್ಜನ್ನರೇ ಮಕ್ಕಳ ಅಪೆಂಡಿಕ್ಸ್, ಹರ್ನಿಯಾ ಮಾಡುತ್ತಿದ್ದರು. ಆ ತಲೆಮಾರು ರಿಟೈರ್ ಆಯಿತು. ಹೊಸಬರು ಕರುಳು, ಸ್ತನ ಎಂದು ಒಂದೊಂದನ್ನೇ ಹಿಡಿಯುತ್ತಾರೆ. ಹಾಗಾಗಿ ರಾತ್ರಿ ಎರಡು ಗಂಟೆಗೆ ನನಗೆ ಫೋನ್: ‘ಮೂರು ವರ್ಷದ ಮಗು, ನಮ್ಮ ಅನಸ್ತೇಟಿಸ್ಟ್ ಒಪ್ಪುತ್ತಿಲ್ಲ, ಕಳಿಸಲಾ?’ ಆಂಬುಲೆನ್ಸ್‌ನಲ್ಲಿ ಒಂದೂವರೆ ಗಂಟೆ ದಾರಿ. ಹಸಿರು ವಾಂತಿ ಮಾಡುವ ಕೂಸಾದರೆ, ಬಂದು ಮುಟ್ಟುವಷ್ಟರಲ್ಲಿ ತಿರುಚಿಕೊಂಡ ಕರುಳು ಕಪ್ಪಾಗಿರಬಹುದು. ಆ ಫೋನ್ ಬಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಇನ್ನು ನಿಮ್ಮ ದಾರಿ. ಅಲ್ಲಿನ ಎಂಎಸ್ ಆಗಲಿ, ಅದರ ಮೇಲಿನ ಸೂಪರ್‌ಸ್ಪೆಷಾಲಿಟಿ ಪದವಿ ಎಂಸಿಎಚ್ ಆಗಲಿ ನಿಮ್ಮನ್ನು ನೇರವಾಗಿ ಇಲ್ಲಿನ ಸ್ಪೆಷಲಿಸ್ಟ್ ರಿಜಿಸ್ಟರ್‌ಗೆ (ಕನ್ಸಲ್ಟಂಟ್ ಆಗಲು ಹೆಸರಿರಬೇಕಾದ ಪಟ್ಟಿಗೆ) ಸೇರಿಸುವುದಿಲ್ಲ. ಟ್ರೈನಿಂಗ್ ಸೀಟು ದೇಶಕ್ಕೆಲ್ಲ ಸೇರಿ ಕೆಲವೇ ಕೆಲವು. ಹೊರಗಿನವರಿಗೆ ಜಾಸ್ತಿ ಸಿಗುವುದು ಫೆಲೋ ಕೆಲಸ, ಅಂದರೆ ಟ್ರೈನಿಂಗ್ ಸೀಟಲ್ಲದ ಡಾಕ್ಟರ್ ಕೆಲಸ, ಅದೂ ಒಂದೊಂದು ವರ್ಷದ ಕರಾರು. ನಾನು ಐದು ವರ್ಷದಲ್ಲಿ ನಾಲ್ಕು ಊರು ಬದಲಿಸಿದೆ, ಮಗಳು ಮೂರು ಶಾಲೆ ನೋಡಿದಳು. ಒಂದು ಕಡೆಯಂತೂ ‘ಮುಂದಿನ ತಿಂಗಳಿಂದ ಆಪರೇಷನ್ ಥಿಯೇಟರ್’ ಎನ್ನುತ್ತಲೇ ವರ್ಷ ಪೂರ್ತಿ ವಾರ್ಡಿನಲ್ಲಿ ಡಿಸ್ಚಾರ್ಜ್ ಚೀಟಿ ಬರೆಸಿದರು. ಆಮೇಲೆ ಸಿಇಎಸ್‌ಆರ್‌ಗೆ, ಅಂದರೆ ಇಲ್ಲಿ ಟ್ರೈನಿಂಗ್ ಮಾಡದವರು ಆ ರಿಜಿಸ್ಟರ್ ಸೇರುವ ದಾರಿಗೆ, ರಾಶಿ ರಾಶಿ ಪುರಾವೆ ಜೋಡಿಸಿ ಕೊಟ್ಟೆ. ಈಗ ಅದಕ್ಕೆ ಪೋರ್ಟ್‌ಫೋಲಿಯೋ ಪಾತ್‌ವೇ ಎನ್ನುತ್ತಾರೆ, ಹೆಸರು ಬದಲು, ಕಾಗದದ ರಾಶಿ ಮಾತ್ರ ಇದ್ದೇ ಇದೆ.

ಕೊನೆಗೂ ಥಿಯೇಟರ್‌ನಲ್ಲಿ ನನ್ನನ್ನು ನಂಬಿ ಬ್ಲೇಡ್ ಕೊಟ್ಟಿದ್ದು ಬೆಂಗಳೂರಿನಲ್ಲಿ ಪಳಗಿದ ಕೈ ನೋಡಿ. ಅಲ್ಲಿ ಮೂರು ವರ್ಷದಲ್ಲಿ ಕಂಡಷ್ಟು ಹಸುಗೂಸಿನ ಕೇಸುಗಳನ್ನು ನಾನು ಇಲ್ಲಿ ಹತ್ತು ವರ್ಷದಲ್ಲೂ ಕಂಡಿಲ್ಲ. ಆದ್ದರಿಂದ ಮಕ್ಕಳ ಸರ್ಜರಿ ನಿಜಕ್ಕೂ ಬೇಕು ಅನಿಸಿದರೆ ಮೊದಲು ಎಂಸಿಎಚ್ ಮಾಡಿ, ಆಮೇಲೆ ಇತ್ತ ನೋಡಿ. ಇಲ್ಲಿಗೆ ಬರಬೇಕು ಅನ್ನುವುದೇ ಮುಖ್ಯವಾದರೆ ಕೆಲವು ಬೇರೆ ಸ್ಪೆಷಾಲಿಟಿಯಲ್ಲಿ ಕಾಯುವುದು ಕಡಿಮೆ ಇರಬಹುದು.

ಚಳಿ, ಬಾಡಿಗೆ, ಸೊಪ್ಪು ಎಲ್ಲಿ ಸಿಗುತ್ತದೆ, ಇದೆಲ್ಲ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ ಬಿಡಿ. ಸೀಟು ಲಾಕ್ ಮಾಡುವ ಮೊದಲು ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲೋ ಅನುಮತಿ ಕೇಳಿ ನಾಲ್ಕು ದಿನ ನಿಂತು ನೋಡಿ. ಆಮೇಲೆ ಫೋನ್ ಮಾಡಿ. ಮುಂದಿನ ವಾರ ಮಾತ್ರ ಬೇಡ, ಆನ್‌ಕಾಲ್ ಇದೆ.